ಬಾಗದೆ ಬಂದ ನಾಯಿ

ಮದುವೆಯಾಗಿ ಹನೂರಿನ ಹತ್ತಿರದ ಶಾಗ್ಯಕ್ಕೆ ಬಂದ ಮೇಲೆ ನಾನು ಹೊಲಿಗೆ ಮಷಿನ್ನನ್ನು ಜಗಲಿಗೆ ಹಾಕಿಕೊಂಡೆ. ಎದುರಿಗೇ ಕಣ. ಒಕ್ಕಣೆ ಮುಗಿದ ಮೇಲೆ ಅದು ನಾಯಿಗಳದ್ದು. ನಮ್ಮ ಕಂದು ನಾಯಿ, ಪಕ್ಕದ ಮನೆ ದೊಡ್ಡವ್ವನ ಕರಿ ನಾಯಿ ದಿನಾ ಬೆಳಿಗ್ಗೆ ಅಲ್ಲಿ ಸೇರುತ್ತಿದ್ದವು. ರವಿಕೆಗೆ ತೋಳು ಕೂಡಿಸುತ್ತಾ ನೋಡಿ ನೋಡಿ ಅವುಗಳ ಆಟ ನನಗೆ ಬಾಯಿಪಾಠವಾಗಿತ್ತು. ಮೊದಲು ಕರಿ ನಾಯಿ ಮುಂಗಾಲು ಚಾಚಿ, ಎದೆ ನೆಲಕ್ಕೆ ತಾಗಿಸಿ, ಹಿಂಭಾಗ ಎತ್ತಿ ಬಾಲ ಆಡಿಸಬೇಕು. ನಾನು ಬಂದಿರೋದು ಆಟಕ್ಕೆ, ಜಗಳಕ್ಕಲ್ಲ ಅಂತ ಅದರ ಅರ್ಥ. ನಮ್ಮದೂ ಹಾಗೇ ಬಾಗಿದ ಮೇಲೆಯೇ ಓಟ, ಉರುಳಾಟ. ಕತ್ತು ಹಿಡಿದರೂ ಹಲ್ಲು ಊರುತ್ತಿರಲಿಲ್ಲ. ಅಪ್ಪಿತಪ್ಪಿ ಹಲ್ಲು ಜೋರಾಗಿ ತಾಗಿ ಒಂದು ಕುಂಯ್ ಅಂದರೆ, ಕಚ್ಚಿದ್ದು ತಟ್ಟನೆ ಬಿಟ್ಟು ಮತ್ತೊಮ್ಮೆ ಬಾಗುತ್ತಿತ್ತು.

ಹೋದ ವರ್ಷ ಒಂದು ದಿನ ಬೆಳಿಗ್ಗೆ ಕರಿ ನಾಯಿ ಬಂದು ಕಣದ ಅಂಚಿನಲ್ಲೇ ನಿಂತಿತು. ಅದರ ಕಿವಿಯ ಹತ್ತಿರ ಯಾವುದೋ ಬೀದಿ ನಾಯಿ ಕಚ್ಚಿದ ಗಾಯ ಒಣಗಿ ತಿಂಗಳಾಗಿತ್ತು. ನಮ್ಮದು ಬಾಗಿತು. ಅದು ಬಾಗಲಿಲ್ಲ. ನಮ್ಮದು ಇನ್ನೊಮ್ಮೆ ಬಾಗಿ ಬೊಗಳಿತು. ಅದು ನೋಡಿಯೂ ನೋಡದಂತೆ ನಿಂತೇ ಇತ್ತು. ನನ್ನ ಕಾಲು ಪೆಡಲಿನ ಮೇಲೆ ತಾನಾಗೇ ನಿಂತುಹೋಯಿತು.

"ದೊಡ್ಡವ್ವ, ನಿನ್ ನಾಯಿ ಯಾಕೋ ಸರಿಯಾಗಿಲ್ಲ."

"ಬಿಸ್ಲಿಗೆ ಅಂಗಾಡ್ತದೆ ಬುಡವ್ವ," ಅಂದಳು ದೊಡ್ಡವ್ವ.

ಮಾರನೇ ದಿನ ಅದು ಅನ್ನ ಮುಟ್ಟಲಿಲ್ಲವಂತೆ. ಬೊಗಳಿದರೆ ಬೇರೆ ಯಾವುದೋ ಪ್ರಾಣಿ ಕೂಗಿದಂತಿತ್ತು. ಬಾಯಲ್ಲಿ ಜೊಲ್ಲು. ಸದ್ದಿಲ್ಲದೆ, ಬಾಗದೆ, ನೇರ ನಡೆದು ಬಂದು ನಮ್ಮ ನಾಯಿಯ ಭುಜಕ್ಕೆ ಬಾಯಿ ಹಾಕಿತು. ನಮ್ಮದು ಕಿರುಚಿತು. ಅದು ಬಿಡಲಿಲ್ಲ. ಎಷ್ಟು ಕಿರುಚಿದರೂ ಬಿಡಲಿಲ್ಲ. ನಾನು ಮಷಿನ್ ಬಿಟ್ಟು ಎದ್ದೆ.

ನಾನು "ಬ್ಯಾಡ ದೊಡ್ಡವ್ವ" ಅನ್ನುವಷ್ಟರಲ್ಲಿ ಅವಳು ಓಡಿ ಹೋಗಿ ಕರಿ ನಾಯಿಯ ಕತ್ತು ಹಿಡಿದು ಎಳೆದಳು. ಅದು ತಿರುಗಿ ಅವಳ ಕೈ ಕಚ್ಚಿ, ಹೊಲದ ಕಡೆ ಹೊರಟುಹೋಯಿತು.

ಅವಳ ಕೈಯನ್ನು ನಲ್ಲಿ ಕೆಳಗೆ ಹಿಡಿದು ಸೋಪು ಹಾಕಿ ತೊಳೆದೆ, ತೊಳೆಯುತ್ತಲೇ ಇದ್ದೆ.

"ಅರಿಶಿಣ ಅಚ್ಚುದ್ರೆ ಸಾಕು ಬುಡವ್ವ. ನನ್ ಕೈಲಿ ಉಂಡಿರೋ ನಾಯಿ ಅದು. ಬೇಕು ಅಂತ ಕಚ್ಚಿಲ್ಲ."

"ನೆನ್ನೆಯಿಂದ ಅದು ಒಂದ್ ಸಲನೂ ಬಾಗಿಲ್ಲ ಕಣ್ ದೊಡ್ಡವ್ವ."

ಅವಳು ನನ್ನ ಮುಖ ನೋಡಿದಳು. ಆ ನಾಯಿಯ ಆಟವನ್ನು ನನಗಿಂತ ಹೆಚ್ಚು ನೋಡಿದವಳು ಅವಳು. ಎದ್ದು ಸೀರೆ ಸರಿ ಮಾಡಿಕೊಂಡಳು.

ಹನೂರಿನ ಆಸ್ಪತ್ರೆಯಲ್ಲಿ ಗಾಯದ ಸುತ್ತ ಇಂಜೆಕ್ಷನ್ ಚುಚ್ಚಿದರು, ತೋಳಿಗೂ ಕೊಟ್ಟರು. "ಮಿಕ್ಕಿದ್ದು ಒಂದೂ ತಪ್ಪಿಸ್ಬಾರ್ದು," ಅಂದರು ಡಾಕ್ಟರು. ಮೂರನೇ ದಿನ ಕರಿ ನಾಯಿ ಬೇಲಿ ಸಂದಿಯಲ್ಲಿ ಸತ್ತು ಬಿದ್ದಿತ್ತು. ನಮ್ಮ ನಾಯಿಗೆ ಮೊದಲೇ ಲಸಿಕೆ ಹಾಕಿಸಿದ್ದೆವು. ದನದ ಡಾಕ್ಟರು ಮತ್ತೆ ಇಂಜೆಕ್ಷನ್ ಕೊಟ್ಟು, ಹಿತ್ತಿಲಲ್ಲಿ ಕಟ್ಟಿ ನಿಗಾ ಇಡಿ ಅಂದರು. ಅದಕ್ಕೆ ಅನ್ನ ಹಾಕುವಾಗ ನಾವು ಕೋಲಿನಿಂದ ತಟ್ಟೆ ತಳ್ಳುತ್ತಿದ್ದೆವು. ಅದು ಉಳಿಯಿತು.

ದೊಡ್ಡವ್ವ ಒಂದು ಇಂಜೆಕ್ಷನ್ನೂ ತಪ್ಪಿಸಲಿಲ್ಲ. ಇನ್ನು ಭಯವಿಲ್ಲ ಅಂತ ಡಾಕ್ಟರು ಹೇಳಿಯೂ ಆಯಿತು. ಆದರೆ ಈ ಹುಚ್ಚು ನಾಯಿ ಕಾಯಿಲೆ ಬಂದವರು ನೀರು ಕಂಡರೆ ಬೆಚ್ಚುತ್ತಾರೆ ಅಂತ ಯಾರೋ ಅವಳ ಕಿವಿಗೆ ಹಾಕಿದ್ದರು. ಈಗಲೂ ಬೆಳಿಗ್ಗೆ ಎದ್ದ ಕೂಡಲೇ ಲೋಟ ನೀರು ತಂದು ನನ್ನ ಜಗಲಿಯಲ್ಲಿ ಕೂರುತ್ತಾಳೆ. ಸ್ವಲ್ಪ ಹೊತ್ತು ನೀರನ್ನೇ ನೋಡುತ್ತಾಳೆ. ನಾನು ಮಷಿನ್ ನಿಲ್ಲಿಸಿ ಕಾಯುತ್ತೇನೆ. ಅವಳು ಒಂದು ಗುಟುಕು ಕುಡಿಯುತ್ತಾಳೆ.

"ಇಳೀತು ಕಣವ್ವ."