ರವಿವಾರದ ನಳ

ಒಣಮೆಣಸಿನಕಾಯಿಯ ತೊಟ್ಟು ಮುರಿದು ಮುರಿದು ನನ್ನ ಬೆರಳೆಲ್ಲ ಉರಿಯುತ್ತಿದ್ದವು. ವರ್ಷದ ಖಾರಪುಡಿಗೆಂದು ಶನಿವಾರ ಬೆಳಿಗ್ಗೆಯೇ ಅಂಗಳದ ತುಂಬ ಹರವಿಕೊಂಡು ಕುಳಿತಿದ್ದೆ. ಎದುರುಮನೆಯ ಗೌಡತಿ ತಲೆಯ ಮೇಲೆ ಸೆರಗು ಎಳೆದುಕೊಂಡು ಬಂದು ನಿಂತರು.

"ತಂಗಿ, ಆಯಿ ಹೋಗ್ಯಾರ. ಕುಂತಲ್ಲೇ ಹೋಗ್ಯಾರ. ಚಹಾದ ಕಪ್ಪು ಬಾಜೂಕ ಹಂಗ ಅದ."

ಕಣ್ಣಿಗೆ ನೀರು ಬಂತು. ಒರೆಸಿಕೊಳ್ಳೋಣವೆಂದರೆ ಖಾರದ ಕೈ. ಗೌಡತಿಯೇ ತಮ್ಮ ಸೆರಗಿನಿಂದ ನನ್ನ ಕಣ್ಣೊರೆಸಿದರು.

"ಚಹಾ ಕುಡದಿದ್ರೇನ್ರಿ?" ಎಂದೆ. ಅಂಥ ಹೊತ್ತಿನಲ್ಲಿ ಅದೇಕೆ ಕೇಳಿದೆನೋ.

"ಅರ್ಧ ಕುಡದಾರ."

ಹಾಗಾದರೆ ಪ್ರಾರ್ಥನೆ ಮುಗಿದಿತ್ತು. ಪ್ರಾರ್ಥನೆ ಮಾಡದೆ ಆಯಿ ಚಹಾ ಮುಟ್ಟಿದವರಲ್ಲ. ಮನಸ್ಸಿಗೆ ಎಷ್ಟೋ ಸಮಾಧಾನವಾಯಿತು.

ಆಯಿ ನನಗೆ ನೆಂಟರಲ್ಲ. ಶಹಾಪುರದಲ್ಲಿ ನಮ್ಮ ಮನೆಗೆ ಗೋಡೆ ಹಚ್ಚಿದ ಮನೆ ಅವರದು. ಗಂಡ ತೀರಿದ ಮೇಲೆ ಒಬ್ಬರೇ ಇದ್ದರು. ಆದರೆ ಆ ಮನೆಯಲ್ಲಿ ಅವರು ಒಬ್ಬರೇ ಇದ್ದದ್ದನ್ನು ನಾನು ಕಂಡಿದ್ದು ಕಡಿಮೆ. ಓಣಿಯ ಹೆಂಗಸರಿಗೆಲ್ಲ ಅದೇ ಕಟ್ಟೆ, ಅದೇ ನಗು. ಬೆಳಗಿನ ಅವರ ಪ್ರಾರ್ಥನೆ ಗೋಡೆಯಾಚೆಯಿಂದ ನನಗೆ ಕೇಳುತ್ತಿತ್ತು: "ಸ್ವಾಮಿ, ಎಬ್ಬಿಸಿದಿ, ಸ್ತೋತ್ರ. ಡಬ್ಬ್ಯಾಗ ಚಹಾಪುಡಿ ಅದ, ಸ್ತೋತ್ರ. ಮೊಣಕಾಲು ಇನ್ನಾ ನಡೀತಾವ, ಸ್ತೋತ್ರ." ಒಲೆಯ ಮೇಲೆ ಹಾಲಿದ್ದರೆ ಕಣ್ಣು ತೆರೆದೇ ಪ್ರಾರ್ಥನೆ. ಒಮ್ಮೆ ಕೇಳಿಯೂ ಬಿಟ್ಟೆ. "ಕಣ್ಣು ಮುಚ್ಚಿದ್ರ ಹಾಲು ಉಕ್ಕತಾವ, ಅದು ದೇವ್ರಿಗೂ ಗೊತ್ತದ" ಎಂದರು. ಆದರೆ ಹಾಲಿಗಾಗಿ ಪ್ರಾರ್ಥನೆಯನ್ನು ಹಿಂದೆ ಹಾಕುತ್ತಿರಲಿಲ್ಲ. "ಉಳಿದದ್ದು ಕೊಡಾಕ ಅವನೇನು ಭಿಕ್ಷಾ ಬೇಡಾವನಾ? ಮೊದಲಿಂದು ಕೊಡಬೇಕು ತಂಗಿ."

ಸುರಪುರದಿಂದ ಸೊಸೆಯಾಗಿ ಬಂದ ನನಗೆ ಈ ಮಾತಿನ ಭಾರ ತಿಳಿದದ್ದು ನಳದ ಮುಂದೆ. ನಮ್ಮ ಓಣಿಗೆ ನಾಲ್ಕೈದು ದಿನಕ್ಕೊಮ್ಮೆ ನೀರು. ಪಾಳಿ ರವಿವಾರ ಬಿದ್ದರೆ, ಸರಿಯಾಗಿ ನಮ್ಮ ಚರ್ಚಿನ ಗಂಟೆ ಹೊಡೆಯುವ ಹೊತ್ತಿಗೇ ನಳ ಬುಸುಗುಡುತ್ತಿತ್ತು. ಆರಾಧನೆ ಮುಗಿಸಿ ಬರುವಷ್ಟರಲ್ಲಿ ನಿಂತೂ ಹೋಗಿರುತ್ತಿತ್ತು. ಆಯಿ ಒಮ್ಮೆಯೂ ತಿರುಗಿ ನೋಡದೆ ಬೀಗ ಹಾಕಿ ಹೊರಡುತ್ತಿದ್ದರು. ಒಬ್ಬರ ಮನೆ, ಹೇಗೋ ನಡೆಯುತ್ತದೆ ಎಂದುಕೊಳ್ಳುತ್ತಿದ್ದೆ.

ನನ್ನ ದೊಡ್ಡ ಮಗಳನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ಕಾರ್ಯ ಒಂದು ರವಿವಾರ ಮಧ್ಯಾಹ್ನಕ್ಕೆ ಇತ್ತು. ತವರಿನಿಂದ ಒಂದು ಗಾಡಿ ತುಂಬ ಮಂದಿ ಬರುವವರು. ಮನೆಯ ಡ್ರಮ್ಮಿನಲ್ಲಿ ತಳದ ನೀರು ಮಾತ್ರ ಉಳಿದಿತ್ತು. ಗಂಟೆ ಹೊಡೆಯಿತು, ನಳವೂ ಬಂತು. ನಾನು ಪೈಪು ಹಿಡಿದು ನಿಂತೆ. ಆಯಿ ಬಾಗಿಲಲ್ಲಿ ಇಣುಕಿದರು.

"ಬರ್ತೀಯೇನವ್ವ?"

"ನೀರು ಬಂದಾವ ಆಯಿ. ಇವತ್ತು ಬಿಟ್ರ ಬಂದವರಿಗೆ ಏನು ಕೊಡ್ಲಿ?"

"ಖರೇ ಅದ, ತುಂಬ್ಕೋ. ದೇವ್ರು ಬಯ್ಯಂಗಿಲ್ಲ. ನಿನ್ನ ಪಾಲಿನ ಹಾಡೂ ನಾನೇ ಹಾಡ್ತೀನಿ. ನನ್ನ ದನಿ ಕೇಳಿ, ಆಕಿನ್ನೇ ಕಳಸಬೇಕಿತ್ತು ಅಂತಾನ ಅಷ್ಟೇ."

ನಗುತ್ತಲೇ ಹೋದರು. ಬೈದಿದ್ದರೆ ನಾನು ನೀರು ತುಂಬಿಕೊಂಡು ಇದ್ದುಬಿಡುತ್ತಿದ್ದೆನೇನೋ. ಒಂದು ಕೊಡವೂ ತುಂಬಿರಲಿಲ್ಲ. ನಳ ಬಂದ್ ಮಾಡಿ, ಕೂಸನ್ನು ಎತ್ತಿಕೊಂಡು, ಅವರ ಹಿಂದೆ ಓಡಿದೆ.

ಮರಳಿ ಬಂದಾಗ ಪವಾಡವೇನೂ ಆಗಿರಲಿಲ್ಲ. ನಳ ತಿರುವಿದರೆ ಬರೀ ಗಾಳಿ. ನಾನು ಅಳುವುದೊಂದು ಬಾಕಿ. ಆಯಿ ನನ್ನ ಮುಖ ನೋಡಿದರು, ಖಾಲಿ ಡ್ರಮ್ ನೋಡಿದರು. ಒಂದು ಕೊಡ ಬಗಲಲ್ಲಿ ಇಟ್ಟುಕೊಂಡು ನೆಟ್ಟಗೆ ಗೌಡತಿಯ ಬಾಗಿಲಿಗೆ ನಡೆದರು. ನಾನೂ ಒಂದು ಕೊಡ ಹಿಡಿದು ಹಿಂದೆ ಹೋದೆ.

"ಅಕ್ಕಾರ, ನಾವು ಪ್ರಾರ್ಥನಿಗೆ ಹೋಗಿದ್ವಿ, ನಳ ಹೋತು. ಒಂದು ಕೊಡ ಹಾಕ್ರಿ."

ಗೌಡತಿ ಹಣೆಯ ವಿಭೂತಿ ಇನ್ನೂ ಒದ್ದೆಯಿದ್ದಂತೆಯೇ ಹೊರಗೆ ಬಂದರು. "ನಿಮ್ಮ ದೇವ್ರಿಗೆ ಹೇಳ್ರಿ ಆಯಿ, ಪ್ರಾರ್ಥನಿ ಹೊತ್ತು ಬದಲಿ ಮಾಡಂತ!"

"ಹೇಳೀನ್ರಿ. ಅದಕ್ಕ ಅವ ಅಂದ, ಎದುರುಮನಿಯಾಕಿನ ಹತ್ರ ಎರಡು ಡ್ರಮ್ ತುಂಬ್ಯಾವ, ನಿನಗ್ಯಾಕ ಚಿಂತಿ ಅಂತ."

ಗೌಡತಿಗೆ ನಗು ತಡೆಯಲಾಗಲಿಲ್ಲ. ಅದುವರೆಗೆ ಆ ಮನೆಯವರು ನಮಗೆ ನೀರು ಕೊಟ್ಟರೆ, ಕೊಡ ಕೊಡಕ್ಕೆ ತಾಗದಂತೆ ಮೇಲಿನಿಂದ ಹೊಯ್ಯುತ್ತಿದ್ದರು. ಅಂದು ನಗುವಿನಲ್ಲಿ ಹಿಡಿತ ತಪ್ಪಿತು. ಅವರ ತಾಮ್ರದ ಕೊಡ ನಮ್ಮ ಪ್ಲಾಸ್ಟಿಕ್ ಕೊಡದ ಬಾಯಿಗೆ ಬಡಿದು, ಅಲ್ಲೇ ಒರಗಿತು. ಮೂವರೂ ನೋಡಿದೆವು.

"ಚೆಲ್ಲಬ್ಯಾಡ್ರಿ ಅಕ್ಕಾರ, ಹಂಗ ಹಿಡೀರಿ" ಎಂದರು ಆಯಿ.

ಗೌಡತಿ ಹಾಗೆಯೇ ಹಿಡಿದರು. ತುಂಬುವವರೆಗೂ ಹಿಡಿದರು. ಅವರನ್ನು ನೋಡಿ ಓಣಿಯ ಉಳಿದ ಮನೆಯವರೂ ಒಂದೊಂದು ಕೊಡ ತಂದು ಸುರಿದರು. ಬಂದವರು ಉಂಡು, ಕೈ ತೊಳೆದ ಮೇಲೂ ಇನ್ನೂ ನೀರು ಉಳಿದಿತ್ತು.

ಮುಂದೆ ಅದೇ ರೂಢಿಯಾಯಿತು. ರವಿವಾರ ನಾವು ಚರ್ಚಿಗೆ ಹೋದರೆ ಗೌಡತಿ ತಮ್ಮ ಪೈಪನ್ನು ನಮ್ಮ ಕಡೆಗೂ ಎಳೆಯುತ್ತಿದ್ದರು. ಶ್ರಾವಣ ಸೋಮವಾರ ಅವರು ಗುಡಿಗೆ ಹೋದಾಗ ಅವರ ಡ್ರಮ್ಮು ತುಂಬುವುದು ನಮ್ಮ ಪಾಲು. ಮಗಳಿಗೆ ಜ್ವರ ಬಂದಾಗ, ನನ್ನ ಗಂಡನ ಕೆಲಸಕ್ಕೆ ಕುತ್ತು ಬಂದಾಗ, ನಾನು ಮೊದಲು ಮೊಣಕಾಲೂರಿ ಆಮೇಲೆ ಎದ್ದು ಓಡಾಡಿದ್ದೇನೆ. ಕೇಳಿದ್ದೆಲ್ಲ ಸಿಕ್ಕಿದೆ ಎಂದು ಹೇಳಲಾರೆ. ಆದರೆ ಎದ್ದಾಗ ಯಾರದಾದರೂ ಬಾಗಿಲು ಬಡಿಯುವ ಧೈರ್ಯ ಇರುತ್ತಿತ್ತು. ಅದು ಆಯಿ ಕೊಟ್ಟದ್ದು.

ರವಿವಾರ ಆರಾಧನೆ ಮುಗಿದ ಮೇಲೆ ಮಣ್ಣು ಮಾಡುವುದೆಂದಾಯಿತು. ಬೆಳಿಗ್ಗೆ ಆಯಿಯ ಮುಖ ನೋಡಿ, ಕಾಲು ಮುಟ್ಟಿ, ಗೌಡತಿ ಹೇಳಿದರು: "ಹೋಗಿ ಬಾ ತಂಗಿ. ಇವತ್ತು ನಳದ ಪಾಳಿ ಅದ, ನಾ ಇಲ್ಲೇ ಇರ್ತೀನಿ."

ಮಣ್ಣು ಕೊಟ್ಟು ಬಂದಾಗ ನನ್ನ ಕೊಡಗಳು ತುಂಬಿ ನಿಂತಿದ್ದವು. ಬೀಗ ಬಿದ್ದ ಆಯಿಯ ಬಾಗಿಲ ಮುಂದೆ ಅವರ ಕೊಡಗಳೂ ಕಂಠದವರೆಗೆ ತುಂಬಿದ್ದವು, ಮೇಲೆ ತಟ್ಟೆ ಮುಚ್ಚಿತ್ತು. ಗೌಡತಿ ಪೈಪು ಸುತ್ತುತ್ತಿದ್ದವರು ತಲೆ ಎತ್ತಲಿಲ್ಲ.

"ರೂಢಿ ನೋಡು ತಂಗಿ. ತುಂಬಿದ ಮ್ಯಾಲೆ ಲಕ್ಷ್ಯಕ್ಕ ಬಂತು. ಈಗ ಇವನ್ನೇನು ಮಾಡೂದು?"

"ಮಣ್ಣಿಗೆ ಬಂದವರು ಇನ್ನಾ ಉಂಡಿಲ್ರಿ ಅಕ್ಕಾರ."

ಅವರು ಒಂದು ಎತ್ತಿದರು, ನಾನೊಂದು ಎತ್ತಿದೆ. ನಮ್ಮ ಮನೆಯೊಳಗೆ ತಂದು ದೊಡ್ಡ ಪಾತೆಲಿಯಲ್ಲಿ ಅಕ್ಕಿ ಸುರಿದು ತೊಳೆಯಲು ಕುಳಿತೆ.