ಗಿರಿಜಾಳ ಬೋರ್ಡಿಗೂ ಒಂದು ಟಿಕೆಟ್

ಮಾರ್ಚ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಶಿವಮೊಗ್ಗದಲ್ಲಿ ಭದ್ರಾವತಿ ಬಸ್ಸು ಹತ್ತಿದೆ. ಹದಿನೆಂಟು ಕಿಲೋಮೀಟರ್, ಆಗ ಎಂಟು ರೂಪಾಯಿ. ಇಷ್ಟು ಹತ್ತಿರದ ಊರಿಗೆ ಹೋಗಿಬಂದದ್ದನ್ನೂ ಬರೆಯಬೇಕೆ ಎಂದು ನಗುವವರು ನಗಲಿ. ಹೋದದ್ದು ಒಂದು ಕೆಲಸಕ್ಕೆ, ಮಾಡಿಬಂದದ್ದು ಇನ್ನೊಂದು.

ರವೀಂದ್ರನಗರದ ನಮ್ಮ ಪಕ್ಕದ ಮನೆಯ ಗೌರಮ್ಮನವರ ಮಗಳು ಗಿರಿಜಾ ಭದ್ರಾವತಿಯಲ್ಲಿ ಪುಟ್ಟ ಹೋಟೆಲು ಇಟ್ಟಿದ್ದಳು. ಅಲ್ಲಿ ಸಿಗುವುದು ಸ್ಯಾಂಡ್‌ವಿಚ್ ಮಾತ್ರ. ಅಮೆರಿಕದ ಊರೂರಿನವು, ಜಪಾನಿನ ರುಚಿ ಬೆರೆಸಿದವು. ಇಡ್ಲಿ-ಸಾಂಬಾರ್ ಮಾಡು, ಇಲ್ಲದಿದ್ದರೆ ಖಾಲಿ ಮಾಡು ಎಂದಿದ್ದ ಮಳಿಗೆಯ ಮಾಲೀಕರು ಆ ಭಾನುವಾರ ಉತ್ತರ ಕೇಳಲು ಬರುವವರಿದ್ದರು.

“ನನ್ ಮಾತು ಕೇಳಲ್ಲ ಶಾಂತಾ. ನೀನಾದ್ರೂ ಹೋಗಿ ಒಪ್ಪಿಸು,” ಎಂದು ಗೌರಮ್ಮ ಕಣ್ಣೊರೆಸಿಕೊಂಡಿದ್ದರು. ಅದೇನು ಮಹಾ ಎಂದು ಹೊರಟೆ.

ಮಾಚೇನಹಳ್ಳಿಯಲ್ಲಿ ಬಸ್ಸು ನಿಂತಾಗ ಒಂದು ಕಾರ್ಖಾನೆಯ ಹಳೆಯ ಗೆಸ್ಟ್‌ಹೌಸ್ ಕಂಡಿತು. ಯಂತ್ರ ಕೂರಿಸಲು ಬಂದಿದ್ದ ವಿದೇಶಿ ಇಂಜಿನಿಯರುಗಳಿಗೆ ಗಿರಿಜಾ ಇಲ್ಲೇ ಅಡುಗೆ ಮಾಡುತ್ತಿದ್ದಳು. ಅಮೆರಿಕದವನೊಬ್ಬ ತನ್ನ ದೇಶದ ಸ್ಯಾಂಡ್‌ವಿಚ್‌ಗಳನ್ನು ನೆನೆನೆನೆದು ಗೋಳಾಡುತ್ತಿದ್ದನಂತೆ. ಜಪಾನಿನವನು ಅಡುಗೆಮನೆಗೇ ಬಂದು, ಸೋಯಾ ಕಾಳು ಬೇಯಿಸಿ ಹುದುಗಿಸಿ ಮಿಸೋ ಎಂಬ ಗಟ್ಟಿ ಗೊಜ್ಜು ಮಾಡುವುದನ್ನು ಕಲಿಸಿದನಂತೆ. ಅವರು ಹೋದರು, ಗೆಸ್ಟ್‌ಹೌಸ್ ಮುಚ್ಚಿತು. ಕಲಿತದ್ದನ್ನು ಮರೆತು ಇವಳು ತೆಪ್ಪಗಿರಬಾರದಿತ್ತೇ ಎಂದುಕೊಂಡೆ.

ಭದ್ರಾವತಿಯಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಆಟೋದವನು ಬಾಯಿಗೆ ಬಂದ ರೇಟು ಹೇಳಿದ, ನಡೆದೇ ಹೋದೆ. ‘ಗಿರಿಜಾ ಸ್ಯಾಂಡ್‌ವಿಚ್: ಊರು ಅಮೆರಿಕದ್ದು, ರುಚಿ ಜಪಾನಿನದು’ ಎಂಬ ಹಳದಿ ಬೋರ್ಡು ದೂರದಿಂದಲೇ ಕಂಡಿತು. ಒಳಗೆ ಮೂರು ಟೇಬಲ್ಲು, ಗೋಡೆಯ ಪಕ್ಕ ಉಪ್ಪಿನಕಾಯಿ ಭರಣಿಗಳಲ್ಲಿ ಮಿಸೋ.

ಮೊದಲು ಫಿಲಡೆಲ್ಫಿಯಾ ಎಂಬ ಊರಿನದು ಬಂತು. ಅಲ್ಲಿ ಮಾಂಸ ಹಾಕುತ್ತಾರಂತೆ. ಇವಳದ್ದು ಈರುಳ್ಳಿ, ದಪ್ಪಮೆಣಸಿನಕಾಯಿ, ಚೀಸು, ಸೋಯಾ ಸಾಸು. ಪೂರ್ತಿ ತಿಂದು ಕೈತೊಳೆದ ಮೇಲೆ ಬುದ್ಧಿ ಹೇಳಲು ಶುರುಮಾಡಿದೆ.

“ಗೆಸ್ಟ್‌ಹೌಸಲ್ಲಿ ಯಾರೂ ನನ್ನ ಹೆಸರು ಹಿಡಿದು ಕರೀಲಿಲ್ಲ ಅಕ್ಕ,” ಎಂದಳು ಗಿರಿಜಾ. “ಅಡುಗೆಯವಳು, ಅಷ್ಟೇ. ಇಲ್ಲಿ ಬೋರ್ಡ್ ಮೇಲೆ ನನ್ನ ಹೆಸರಿದೆ. ಅದರ ಕೆಳಗೆ ನಾನ್ ಮಾಡೋದೇ ಇರ್ಬೇಕು.”

ಅಷ್ಟರಲ್ಲಿ ಮಾಲೀಕರು ರುದ್ರಪ್ಪನವರು ಬಂದರು. ಒಳ್ಳೆಯ ಮನುಷ್ಯರೇ. ಗಿರಿಜಾ ಲಾಸ್ ಏಂಜಲೀಸಿನ ಸ್ಯಾಂಡ್‌ವಿಚ್ ತಂದಿಟ್ಟಳು: ಉದ್ದನೆಯ ಬನ್ನಿನೊಳಗೆ ಹುರಿದ ಅಣಬೆ, ಪಕ್ಕದಲ್ಲಿ ಅದ್ದಿಕೊಳ್ಳಲು ಒಂದು ಬಟ್ಟಲು ಬಿಸಿ ಮಿಸೋ ಸಾರು. ರುದ್ರಪ್ಪನವರು ಅದ್ದಿದರು, ತಿಂದರು. ಅರ್ಧ ಮುಗಿಯುವಷ್ಟರಲ್ಲಿ ಸಾರು ಖಾಲಿ. ಯಾವ ಹೋಟೆಲಿನಲ್ಲಾದರೂ ಸಾಂಬಾರಿಗೆ ಚಾಚುವ ಹಾಗೆ, ತಲೆ ಎತ್ತದೆ ಬಟ್ಟಲು ಚಾಚಿದರು. ಅವಳು ಹಾಕಿದಳು. ಸ್ವಲ್ಪ ಹೊತ್ತಿಗೆ ಮತ್ತೆ ಚಾಚಿದರು.

ಬುದ್ಧಿ ಹೇಳಲು ಬಂದದ್ದು ಮರೆತೇಹೋಗಿ, ಗೆದ್ದೆವು ಎಂದು ನನಗೆ ಖುಷಿಯೋ ಖುಷಿ.

“ಚೆನ್ನಾಗಿದೆ ಮಾರಾಯ್ತಿ,” ಎಂದು ಬಾಯಿ ಒರೆಸಿಕೊಂಡರು. “ಒಂದ್ ಕೆಲ್ಸ ಮಾಡು. ಇದನ್ನೇ ಕೊಡು, ಬೋರ್ಡಲ್ಲಿ ಮಾತ್ರ ಸಾಂಬಾರ್ ಬನ್ನು ಅಂತ ಬರ್ಸು. ಜನಕ್ಕೆ ಅರ್ಥ ಆಗ್ಬೇಕಲ್ಲ.”

“ಒಪ್ಕೊಂಡ್ಬಿಡೇ,” ಎಂದು ಅವಳ ಸೆರಗು ಜಗ್ಗಿದೆ.

“ಬರ್ಸಲ್ಲ ಸಾರ್,” ಎಂದಳು. “ಹೆಸರೂ ಕೇಳ್ದೆ ನೀವೇ ಎರಡ್ ಸಲ ಹಾಕಿಸ್ಕೊಂಡ್ರಿ. ಇನ್ನೇನ್ ಅರ್ಥ ಆಗ್ಬೇಕು?”

ಅವರ ಮುಖ ಕೆಂಪಾಯಿತು. “ಹಾಗಾದ್ರೆ ತಿಂಗಳ ಕೊನೆಗೆ ಖಾಲಿ ಮಾಡು.”

“ಅಲ್ಲೀವರೆಗೂ ಯಾಕೆ?” ಎಂದವಳೇ ಸ್ಟೂಲು ಎಳೆದುಕೊಂಡು ಬೋರ್ಡು ಬಿಚ್ಚಲು ಹತ್ತಿದಳು.

ನನಗೆ ಮೈಯೆಲ್ಲ ಉರಿಯಿತು. ಚಪ್ಪರಿಸಿಕೊಂಡು ಕುಡಿದು, ಆಮೇಲೆ ಅದರ ಹೆಸರು ಬದಲಿಸು ಎನ್ನುವುದು ಯಾವ ನ್ಯಾಯ? ಹೋಗಿ ಸ್ಟೂಲು ಹಿಡಿದುಕೊಂಡೆ. ಭರಣಿಗಳನ್ನು ನಾಳೆ ತರುತ್ತೇನೆಂದಳು. ಬೋರ್ಡು ಸದ್ಯಕ್ಕೆ ನಮ್ಮ ಮನೆಯಲ್ಲಿರಲಿ ಎಂದು ನಾನೇ ಹೊತ್ತುಕೊಂಡು ಬಸ್ಸು ಹತ್ತಿದೆ.

“ಇದಕ್ಕೆ ಲಗೇಜ್ ಟಿಕೆಟ್ ಆಗುತ್ತಮ್ಮ,” ಎಂದ ಕಂಡಕ್ಟರ್.

“ಕೊಡಪ್ಪ, ಬೇಡ ಅಂದೋರ್ಯಾರು?” ಎಂದು ಬೋರ್ಡಿನ ಮುಖವನ್ನು ಜನರ ಕಡೆಗೆ ತಿರುಗಿಸಿ ನಿಲ್ಲಿಸಿದೆ. ಮಾಚೇನಹಳ್ಳಿಯಲ್ಲಿ ಹತ್ತಿದ ಕಾರ್ಮಿಕನೊಬ್ಬ ಅದನ್ನು ಗಟ್ಟಿಯಾಗಿ ಓದಿ, “ಎಲ್ಲಿದೆ ಅಕ್ಕ ಈ ಹೋಟ್ಲು?” ಎಂದ.

“ರವೀಂದ್ರನಗರ,” ಎಂದುಬಿಟ್ಟೆ. ಅಂದ ಮೇಲೆ ವಾಪಸು ತೆಗೆದುಕೊಳ್ಳುವ ಮನಸ್ಸಾಗಲಿಲ್ಲ.

ಗೌರಮ್ಮ ಗೇಟಿನಲ್ಲೇ ಕಾಯುತ್ತಿದ್ದರು. “ಒಪ್ಪಿಸಿದ್ಯಾ?”

“ಇಲ್ಲ,” ಎಂದೆ. “ಈ ಕಡೆ ಸ್ವಲ್ಪ ಹಿಡ್ಕೊಳ್ಳಿ. ನಮ್ಮ ಸ್ಕೂಟರ್ ಶೆಡ್ಡಿಗೆ ಮೊಳೆ ಹೊಡೀಬೇಕು.”