ಅಧ್ಯಕ್ಷರ ಕೈ

ಜನ ಬರದಿದ್ದರೆ? ಬಂದವರು ಜಗಳಾಡಿದರೆ? ಪಂಚಾಯ್ತಿ ಅಧ್ಯಕ್ಷೆಯ ಕುರ್ಚಿಯಲ್ಲಿ ಅವರ ಗಂಡನೇ ಕೂತುಬಿಟ್ಟರೆ? ಖಾನಾಪುರದ ಬಳಿಯ ಹಳ್ಳಿಯೊಂದರ ಗ್ರಾಮಸಭೆಗೆ ಬೆಳಗಾವಿಯಿಂದ ಹೊರಟ ನನಗೆ ಬಸ್ಸಿನಲ್ಲಿ ಈ ಚಿಂತೆಗಳೇ ಜೊತೆಗಾರರು. ಮೈಕು ಕೆಟ್ಟರೂ ತನ್ನದೇ ತಪ್ಪೆಂದು ನಂಬುವ ಅಧಿಕಾರಿ ನಾನು.

ಹೋಗಿ ನೋಡಿದರೆ ಗಂಡ ಚಹಾ ಹಂಚುತ್ತಿದ್ದರು. ಅಧ್ಯಕ್ಷೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಗೋಡೆಗೆ ಒರಗಿ ಸುಮ್ಮನೆ ಕೂತ ಹೆಂಗಸರನ್ನು ಮುಂದಕ್ಕೆ ಕರೆಯುತ್ತಿದ್ದರು.

"ಕೈ ಎತ್ರಿ. ಮನಸ್ಸಿನ್ಯಾಗಿಂದು ಲೆಕ್ಕಕ್ಕ ಬರೂದಿಲ್ಲ."

ಮರಾಠಿ ಮಾತಾಡುವ ಅಜ್ಜಿಗೆ ಅದನ್ನೇ ಮರಾಠಿಯಲ್ಲಿ ಹೇಳಿದರು.

ನೀರಿನ ಟಾಕಿ ಮೊದಲು ಅಧ್ಯಕ್ಷೆಯ ಓಣಿಗೋ, ಮೇಲಿನ ಓಣಿಗೋ ಎಂಬುದು ಅಂದಿನ ಪ್ರಶ್ನೆ. ಸಾಲುಗಳ ನಡುವೆ ನಡೆದು, ಎತ್ತಿದ ಕೈಗಳನ್ನು ಅವರೇ ಬೆರಳು ಮಾಡಿ ಎಣಿಸಿದರು. ಜಗಳವಾಗಲಿಲ್ಲ, ಮೈಕೂ ಕೆಡಲಿಲ್ಲ. ಅವರ ಓಣಿ ಮಾತ್ರ ಒಂದೇ ಕೈಯಿಂದ ಸೋತಿತು.

"ಅಕ್ಕಾ, ನಿನ್ನ ಕೈ ಎಲ್ಲಿತ್ತ?" ಎಂದು ಅವರ ನೆಗೆಣ್ಣಿ, ಮೈದುನನ ಹೆಂಡತಿ, ಕೇಳಿದಳು.

ಎಣಿಸುವ ಗಡಿಬಿಡಿಯಲ್ಲಿ ಅಧ್ಯಕ್ಷೆ ತಮ್ಮ ಕೈಯನ್ನೇ ಎತ್ತಿರಲಿಲ್ಲ. ಇನ್ನೊಮ್ಮೆ ಎಣಿಸೋಣವೇ ಎಂದು ನಾನು ಬೆವರು ಒರೆಸಿಕೊಳ್ಳುತ್ತ ಕೇಳಿದೆ. ಅವರು ನಕ್ಕುಬಿಟ್ಟರು.

"ಬ್ಯಾಡ್ರಿ ಸಾಹೇಬ್ರ. ಮನಸ್ಸಿನ್ಯಾಗಿಂದು ಲೆಕ್ಕಕ್ಕ ಬರೂದಿಲ್ಲ."